ರಾತ್ರಿ ಹನ್ನೆರಡೂ ಮುಕ್ಕಾಲಿನ ವಿಮಾನ ಮತ್ತು ಇತರ ಭಯಗಳು

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಸುತ್ತುತ್ತಿದ್ದವು. ಮೊದಲ ಸಲ ಒಬ್ಬರೇ ವಿದೇಶಕ್ಕೆ ಹೋಗುವುದು. ಕಂಪನಿ ಕಳಿಸುತ್ತಿಲ್ಲ, ಮಗಳ ಬಾಣಂತನಕ್ಕೆ ಹೊರಟಿದ್ದಲ್ಲ, ಬಸ್ಸಿನಲ್ಲಿ ತಲೆ ಎಣಿಸುವ ಟೂರ್ ಪ್ಯಾಕೇಜೂ ಅಲ್ಲ. ಸುಮ್ನೆ ಒಂದು ಊರು ನೋಡಿಕೊಂಡು ಬರೋಣ ಅಂತ. ಕೂದಲು ಉದುರುವ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟು ಇವಕ್ಕೇ ಉತ್ತರ ಬರೆದಿದ್ದೇನೆ.

ಪ್ರಶ್ನೆ: ನನಗೆ 43 ವರ್ಷ. ಒಂದು ಆಡಿಟರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಗೆಳತಿಯ ಜೊತೆ ಸಿಂಗಾಪುರಕ್ಕೆ ಐದು ದಿನದ ಟಿಕೆಟ್ ಮಾಡಿಸಿದ್ದೆ. ಅವಳ ಅತ್ತೆಗೆ ಹುಷಾರಿಲ್ಲ, ಅವಳು ಬರಲ್ಲ. ಟಿಕೆಟ್ ದುಡ್ಡು ವಾಪಸ್ ಬರಲ್ಲ. ನಮ್ಮ ಮನೆಯವರು "ನೀನೊಬ್ಳೇ ಹೋಗಿ ಬಾ, ಏನಾಗುತ್ತೆ" ಅಂದರು. ಅಷ್ಟು ಸುಲಭವಾಗಿ ಅಂದಿದ್ದಕ್ಕೇ ನನಗೆ ಇನ್ನೂ ಭಯ. ಬೆಂಗಳೂರಿಗೂ ಒಬ್ಬಳೇ ಹೋಗಿದ್ದು ಕಡಿಮೆ. ಇಂಗ್ಲಿಷ್ ಓದುತ್ತೇನೆ, ಮಾತಾಡುವಾಗ ತಡವರಿಸುತ್ತೇನೆ. ಸಸ್ಯಾಹಾರಿ. ಏನೇನು ತಪ್ಪಾಗಬಹುದು ಅಂತ ರಾತ್ರಿಯೆಲ್ಲ ಪಟ್ಟಿ ಮಾಡುತ್ತಾ ಮಲಗಿರುತ್ತೇನೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಹಾಸನ

ಉತ್ತರ: ಆ ಪಟ್ಟಿಯಿಂದಲೇ ಶುರು ಮಾಡಿ. ತಲೆಯಲ್ಲಿ ಬೇಡ, ಕಾಗದದ ಮೇಲೆ. ಲೆಕ್ಕ ಬರೆಯುವವರು ನೀವು, ಪ್ರತಿ ಭಯದ ಎದುರಿಗೂ ಅದು ಯಾವ ದಿನ, ಎಷ್ಟು ಗಂಟೆಯದು ಅಂತ ನಮೂದಿಸಿ. ನಾನು ಮೊದಲ ಸಲ ಹೊರಟಾಗ ಹೀಗೆ ಬರೆದು ನೋಡಿದ್ದೆ. ಹದಿನಾಲ್ಕು ಭಯಗಳಲ್ಲಿ ಹತ್ತು, ವಿಮಾನ ಇಳಿದ ಹೊತ್ತಿನಿಂದ ಹೋಟೆಲಿನಲ್ಲಿ ಬ್ಯಾಗ್ ಇಳಿಸುವ ಹೊತ್ತಿನ ಒಳಗೇ ಇದ್ದವು. ಮೂರು ಗಂಟೆ, ಅಷ್ಟೆ. ಹಾಗಾಗಿ ಆ ಮೂರು ಗಂಟೆಗೆ ಮಾತ್ರ ಚಾಚೂ ತಪ್ಪದ ಹಾಗೆ ತಯಾರಿ ಮಾಡಿಕೊಳ್ಳಿ, ಉಳಿದ ಐದು ದಿನಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಜನ ಇದನ್ನು ಉಲ್ಟಾ ಮಾಡುತ್ತಾರೆ. ನಾಲ್ಕನೇ ದಿನ ಮಧ್ಯಾಹ್ನ ಯಾವ ಪಾರ್ಕು ಅಂತ ಬರೆದಿಟ್ಟಿರುತ್ತಾರೆ, ಏರ್‌ಪೋರ್ಟಿನಿಂದ ರೂಮಿಗೆ ಹೇಗೆ ಹೋಗ್ತೀರಿ ಅಂದರೆ "ಅಲ್ಲಿ ಹೋದ್ಮೇಲೆ ನೋಡೋಣ" ಅನ್ನುತ್ತಾರೆ.

ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ಟಿಕೆಟ್ ತೆಗೆದು ವಿಮಾನದ ಟೈಮು ನೋಡಿ. ಬೆಂಗಳೂರಿನಿಂದ ಸಿಂಗಾಪುರಕ್ಕೆ ಹೋಗುವ ಎಷ್ಟೋ ವಿಮಾನಗಳು ಹೊರಡುವುದು ರಾತ್ರಿ ಹೊತ್ತು. 15ನೇ ತಾರೀಕು 00:45 ಅಂತ ಇದ್ದರೆ ನೀವು ಏರ್‌ಪೋರ್ಟಿನಲ್ಲಿ ಇರಬೇಕಾದ್ದು 14ನೇ ತಾರೀಕು ರಾತ್ರಿ ಒಂಬತ್ತೂವರೆಗೆ. ನನ್ನ ಸೋದರಮಾವನ ಮಗ, ಇಂಜಿನಿಯರು ಬೇರೆ, 15ನೇ ತಾರೀಕು ರಾತ್ರಿ ಊಟ ಮುಗಿಸಿ, ಎಲ್ಲರ ಕಾಲಿಗೆ ನಮಸ್ಕಾರ ಮಾಡಿ, ಹಣೆಗೆ ಕುಂಕುಮ ಇಟ್ಟುಕೊಂಡು ಏರ್‌ಪೋರ್ಟಿಗೆ ಹೋಗಿ ನಿಂತಿದ್ದ. ಅವನ ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. ನೀವು ಹಾಸನದಿಂದ ಮೆಜೆಸ್ಟಿಕ್‌ಗೆ ಬಂದು ಅಲ್ಲಿಂದ ಏರ್‌ಪೋರ್ಟಿನ ವಾಯು ವಜ್ರ ಬಸ್ಸು ಹಿಡಿಯುವುದಾದರೆ ಮಧ್ಯಾಹ್ನವೇ ಮನೆ ಬಿಡಿ. ಹೆಬ್ಬಾಳದ ಟ್ರಾಫಿಕ್ಕು ನಿಮ್ಮ ಪಾಸ್‌ಪೋರ್ಟ್ ನೋಡಿ ದಾರಿ ಬಿಡಲ್ಲ. ವಿದೇಶದ ವಿಮಾನಗಳು ಹೊರಡುವುದು ಟರ್ಮಿನಲ್ 2ರಿಂದ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು. ಸಿಂಗಾಪುರಕ್ಕೆ ನಮಗೆ ವೀಸಾ ಬೇಕು. ಅದನ್ನು ಅಧಿಕೃತ ಏಜೆಂಟರ ಮೂಲಕ ಹಾಕುತ್ತಾರೆ, ಸರ್ಕಾರದ ಶುಲ್ಕ 30 ಸಿಂಗಾಪುರ ಡಾಲರ್, ಮೇಲಿನದು ಏಜೆಂಟರ ಚಾರ್ಜು. ವೀಸಾ ಬರುವುದು ಇಮೇಲಿನಲ್ಲಿ. ಆಮೇಲೆ ಅರೈವಲ್ ಕಾರ್ಡ್ ಅಂತ ಒಂದು ಫಾರಂ ಇದೆ, ಇಳಿಯುವ ದಿನವೂ ಸೇರಿ ಮೂರು ದಿನದ ಒಳಗೆ ಆನ್‌ಲೈನಿನಲ್ಲಿ ತುಂಬಬೇಕು. ಇದು ಪೂರ್ತಿ ಉಚಿತ. ಹುಡುಕಿದಾಗ ಮೇಲೆ ಬರುವ ಕೆಲವು ವೆಬ್‌ಸೈಟುಗಳು ಸರ್ಕಾರದ್ದೇ ಅನ್ನುವ ಹಾಗೆ ಕಾಣಿಸಿ ಸಾವಿರಗಟ್ಟಲೆ ಕೇಳುತ್ತವೆ. ದುಡ್ಡು ಕೇಳಿತು ಅಂದರೆ ತಪ್ಪು ಬಾಗಿಲು ತಟ್ಟಿದ್ದೀರಿ ಅಂತಲೇ ಅರ್ಥ, ಮುಚ್ಚಿ ಹೊರಗೆ ಬನ್ನಿ. ವೀಸಾ, ಟಿಕೆಟ್, ಹೋಟೆಲ್ ಬುಕಿಂಗ್ ಎಲ್ಲವನ್ನೂ ಫೋನಿನಲ್ಲಿ ಇಟ್ಟುಕೊಂಡರೂ ಒಂದೊಂದು ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ. ಹಳೇ ಕಾಲದವರು ಅಂತ ಯಾರಾದರೂ ನಕ್ಕರೆ ನಗಲಿ. ಕಾಗದಕ್ಕೆ ಚಾರ್ಜ್ ಮುಗಿಯಲ್ಲ.

ಈಗ ಆ ಮೂರು ಗಂಟೆ. ವಿಮಾನ ನಾಲ್ಕೂವರೆ ಗಂಟೆಯ ಪ್ರಯಾಣ, ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಂದರೆ ನೀವು ಇಳಿಯುವಾಗ ಅಲ್ಲಿ ಬೆಳಗ್ಗೆ ಏಳೂವರೆ, ಎಂಟು. ಇಮಿಗ್ರೇಷನ್‌ನಲ್ಲಿ ಮಷೀನಿನ ಗೇಟುಗಳಿವೆ, ಪಾಸ್‌ಪೋರ್ಟ್ ಸ್ಕ್ಯಾನ್ ಮಾಡಿ ಮುಖ ತೋರಿಸಿದರೆ ಬಾಗಿಲು ತೆರೆಯುತ್ತದೆ. ಮುದ್ರೆ ಒತ್ತುವುದಿಲ್ಲ. ಎಷ್ಟು ದಿನ ಇರಬಹುದು ಅನ್ನುವುದು ಇಮೇಲಿಗೆ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಒಂದು ಸೀಲು ಬೀಳಲಿ ಅಂತ ಆಸೆಪಟ್ಟು ಕಾಯಬೇಡಿ, ನಾನು ಕಾದು ನಿಂತು ಹಿಂದಿನವರ ಕೈಲಿ ಬೈಸಿಕೊಂಡಿದ್ದೇನೆ. ಯಾಕೋ ಕೌಂಟರಿಗೆ ಕಳಿಸಿದರೂ ಗಾಬರಿ ಬೇಡ. ಐದು ದಿನ, ಒಬ್ಬಳೇ, ಊರು ನೋಡಲು, ಇದು ಹೋಟೆಲು, ಇದು ವಾಪಸ್ ಟಿಕೆಟ್. ಇಷ್ಟೇ ಇಂಗ್ಲಿಷ್ ಬೇಕಾಗುವುದು.

ಹೊರಗೆ ಬಂದ ಮೇಲೆ ಮೊದಲು ಒಂದು ಕಡೆ ಕೂತುಕೊಳ್ಳಿ. ಹೌದು, ಸುಮ್ನೆ ಕೂತುಕೊಳ್ಳಿ, ಹತ್ತು ನಿಮಿಷ. ನೀರು ಕುಡಿಯಿರಿ, ಅಲ್ಲಿ ನಲ್ಲಿ ನೀರು ಕುಡಿಯಬಹುದು. ಚಾಂಗಿ ಏರ್‌ಪೋರ್ಟಿನ ವೈಫೈ ಉಚಿತ, ಮನೆಗೆ ಮೆಸೇಜ್ ಹಾಕಿ. ಯಾರೂ ನಿಮ್ಮನ್ನು ಏಳಿ ಅನ್ನಲ್ಲ. ಆತುರದಲ್ಲಿ ಹೊರಟವರೇ ಬ್ಯಾಗು ಮರೆಯುವುದು, ತಪ್ಪು ಬಸ್ಸು ಹತ್ತುವುದು.

ಆಮೇಲೆ ರೈಲು. ಅದನ್ನು ಎಂಆರ್‌ಟಿ ಅಂತಾರೆ, ನಮ್ಮ ಮೆಟ್ರೋನೇ ಅಂದುಕೊಳ್ಳಿ. ಸ್ಟೇಷನ್ ಇರುವುದು ಟರ್ಮಿನಲ್ 2 ಮತ್ತು 3ರ ಹತ್ತಿರ, ನೆಲದಡಿಯಲ್ಲಿ. ಟರ್ಮಿನಲ್ 1ರಲ್ಲಿ ಇಳಿದರೆ ಒಳಗೇ ಓಡಾಡುವ ಪುಟ್ಟ ರೈಲಿದೆ, ಅದಕ್ಕೆ ಟಿಕೆಟ್ ಇಲ್ಲ. ನೀವು ಸಸ್ಯಾಹಾರಿ ಅಂದಿದ್ದಕ್ಕೆ ಲಿಟಲ್ ಇಂಡಿಯಾ ಕಡೆ ರೂಮು ಮಾಡಿ ಅನ್ನುತ್ತೇನೆ. ಏರ್‌ಪೋರ್ಟಿನಿಂದ ಮೊದಲನೇ ಸ್ಟೇಷನ್ನೇ ಎಕ್ಸ್‌ಪೋ, ಅಲ್ಲಿ ಇಳಿದು ನೀಲಿ ಬಣ್ಣದ ಡೌನ್‌ಟೌನ್ ಲೈನ್‌ನಲ್ಲಿ ಬುಕಿಟ್ ಪಂಜಾಂಗ್ ಕಡೆ ಹೋಗುವ ರೈಲು ಹತ್ತಿದರೆ ನೇರ ಲಿಟಲ್ ಇಂಡಿಯಾ. ಒಂದು ಗಂಟೆಯೊಳಗೆ ತಲುಪುತ್ತೀರಿ, ಎರಡು ಡಾಲರ್ ಆಸುಪಾಸು ಆಗುತ್ತದೆ. ಟ್ಯಾಕ್ಸಿಯಾದರೆ ಅದರ ಹತ್ತು ಪಟ್ಟಿಗೂ ಜಾಸ್ತಿ, ಆದರೆ ತುಂಬಾ ಸುಸ್ತಾಗಿದ್ದರೆ ಟ್ಯಾಕ್ಸಿಗೆ ಕೊಟ್ಟ ದುಡ್ಡನ್ನು ದಂಡ ಅಂದುಕೊಳ್ಳಬೇಡಿ, ಅಲ್ಲಿ ಮೀಟರ್ ಹಾಕುತ್ತಾರೆ.

ನಾನು ಸಿಕ್ಕಿಹಾಕಿಕೊಂಡಿದ್ದು ಈ ರೈಲಿನ ಗೇಟಿನಲ್ಲೇ. ಅಲ್ಲಿ ಬೇರೆ ಟಿಕೆಟ್ ಬೇಕಿಲ್ಲ, ನಮ್ಮ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಿದರೆ ಸಾಕು ಅಂತ ಎಲ್ಲೋ ಓದಿದ್ದೆ. ಅದು ನಿಜವೇ. ನಾನು ಜಂಬದಿಂದ ಕಾರ್ಡ್ ತಾಗಿಸಿದೆ, ಕೆಂಪು ದೀಪ. ತಿರುಗಿಸಿ ತಾಗಿಸಿದೆ, ಕೆಂಪು. ಕಾರ್ಡನ್ನು ಸೆರಗಿಗೆ ಒರೆಸಿ ತಾಗಿಸಿದೆ, ಅದೇನು ದೇವರ ಫೋಟೋನಾ ಒರೆಸಿದರೆ ಹೊಳೆಯೋಕೆ! ಹಿಂದೆ ಏಳೆಂಟು ಜನ ಸಾಲು. ಆಗಿದ್ದಿಷ್ಟೇ, 2020ರಿಂದ ನಮ್ಮ ಕಾರ್ಡುಗಳಲ್ಲಿ ವಿದೇಶದ ಬಳಕೆ ಮೊದಲಿನಿಂದಲೇ ಬಂದ್ ಇರುತ್ತದೆ, ರಿಸರ್ವ್ ಬ್ಯಾಂಕಿನ ನಿಯಮ. ನಾವೇ ಬ್ಯಾಂಕಿನ ಆ್ಯಪ್ ತೆರೆದು ಶುರು ಮಾಡಬೇಕು, ತಾಗಿಸಿ ಪಾವತಿ ಮಾಡುವ ಸೌಲಭ್ಯಕ್ಕೆ ಬೇರೆ ಸ್ವಿಚ್ಚು. ಈ ಎರಡು ಸ್ವಿಚ್ಚನ್ನು ಹಾಸನದಲ್ಲೇ ಒತ್ತಿಕೊಂಡು ಹೋಗಿ. ಹೀಗೆ ತಾಗಿಸುವ ವಿದೇಶದ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ಸ್ ಹೆಚ್ಚುವರಿ ಶುಲ್ಕ ಬೀಳುತ್ತದೆ, ಐದು ದಿನಕ್ಕೆ ಅದೇನೂ ದೊಡ್ಡದಲ್ಲ.

ಹೋಟೆಲು ಮುಟ್ಟಿದಾಗ ಹತ್ತು ಗಂಟೆ ಆಗಿರುತ್ತದೆ. ರೂಮು ಕೊಡುವುದು ಮಧ್ಯಾಹ್ನ ಎರಡೋ ಮೂರೋ ಆದ ಮೇಲೆ. ಇದನ್ನು ಯಾರೂ ಮೊದಲೇ ಹೇಳಲ್ಲ, ರಾತ್ರಿಯಿಡೀ ನಿದ್ದೆಗೆಟ್ಟು ಬಂದು ರಿಸೆಪ್ಷನ್‌ನಲ್ಲಿ ಕಣ್ಣೀರು ಹಾಕಿದವರು ಇದ್ದಾರೆ. ಬ್ಯಾಗು ಇಟ್ಟುಕೊಳ್ಳುತ್ತಾರೆ, ಕೇಳಿ. ಹಲ್ಲುಜ್ಜುವ ಬ್ರಶ್ಶು, ಒಂದು ಜೊತೆ ಬಟ್ಟೆ ಮೇಲಿನ ಕೈಚೀಲದಲ್ಲೇ ಇರಲಿ. ಮುಖ ತೊಳೆದು ಸೆರಂಗೂನ್ ರೋಡಿಗೆ ನಡೆಯಿರಿ. ವೀರಮಾಕಾಳಿಯಮ್ಮನ ಗುಡಿ ಅಲ್ಲೇ ಇದೆ. ಹೂವಿನ ಅಂಗಡಿ, ಬಾಳೆ ಎಲೆ ಊಟ, ಊದುಬತ್ತಿ ವಾಸನೆ. 1947ರಿಂದ ಇರುವ ಕೋಮಲ ವಿಲಾಸ್‌ನಲ್ಲಿ ದೋಸೆ ಸಿಗುತ್ತದೆ. ಅಷ್ಟು ದೂರ ಹೋಗಿ ದೋಸೆ ತಿನ್ನೋದಾ ಅಂತ ಯಾರಾದರೂ ಅನ್ನಬಹುದು. ತಿನ್ನಿ. ಮೊದಲ ದಿನ ಹೊಟ್ಟೆ ತಣ್ಣಗಿದ್ದರೆ ಎರಡನೇ ದಿನ ಧೈರ್ಯ ತಾನಾಗಿ ಬರುತ್ತದೆ.

ಮಾತಿನ ಬಗ್ಗೆ. ಅಲ್ಲಿ ನಾಲ್ಕು ಅಧಿಕೃತ ಭಾಷೆ, ಇಂಗ್ಲಿಷ್, ಮಲಯ್, ಚೀನಿ, ತಮಿಳು. ಅವರ ಇಂಗ್ಲಿಷೂ ಅವರದ್ದೇ, ವಾಕ್ಯದ ಕೊನೆಗೆ ಒಂದು "ಲಾ" ಸೇರಿಸುತ್ತಾರೆ. ನಿಮ್ಮ ವ್ಯಾಕರಣ ಯಾರೂ ನೋಡಲ್ಲ. ಹಾಸನದವರಿಗೆ ಸ್ವಲ್ಪ ತಮಿಳು ಅರ್ಥವಾದರೆ ಇನ್ನೂ ಒಳ್ಳೆಯದು. ವಯಸ್ಸಾದವರನ್ನು ಆಂಟಿ, ಅಂಕಲ್ ಅಂತಲೇ ಕರೆಯುತ್ತಾರೆ, ನಮ್ಮ ಹಾಗೆ.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಮೊದಲ ದಿನ ಸಂಜೆ ಆರೂವರೆ ಏಳರ ಹೊತ್ತಿಗೆ ಒಂದು ಥರ ಆಗುತ್ತದೆ. ಭಯ ಅಲ್ಲ, ಯಾಕಾದರೂ ಬಂದೆನೋ ಅನ್ನುವ ಹಾಗೆ. ಗಂಟಲು ಕಟ್ಟುತ್ತದೆ. ಅದರಲ್ಲಿ ಅರ್ಧ ನಿದ್ದೆಗೆಟ್ಟಿದ್ದಕ್ಕೆ. ಆ ಹೊತ್ತಿಗೆ ರೂಮಿನಲ್ಲಿ ಕೂರಬೇಡಿ. ರೈಲು ಹತ್ತಿ ಬೇಫ್ರಂಟ್‌ನಲ್ಲಿ ಇಳಿದು ಗಾರ್ಡನ್ಸ್ ಬೈ ದ ಬೇಗೆ ಹೋಗಿ, ಆ ದೊಡ್ಡ ಕಬ್ಬಿಣದ ಮರಗಳ ಕೆಳಗೆ 7:45ಕ್ಕೆ ಒಂದು ಸಲ, 8:45ಕ್ಕೆ ಇನ್ನೊಂದು ಸಲ ದೀಪ, ಸಂಗೀತದ ಆಟ ಇರುತ್ತದೆ. ಕಾಸು ಕೊಡಬೇಕಿಲ್ಲ. ಎಲ್ಲರೂ ನೆಲದ ಮೇಲೆ ಮಲಗಿಕೊಂಡು ಮೇಲೆ ನೋಡುತ್ತಿರುತ್ತಾರೆ. ನೀವೂ ಮಲಗಿ. ಅಕ್ಕಪಕ್ಕ ಯಾರು ಯಾರ ಜೊತೆ ಬಂದಿದ್ದಾರೆ ಅಂತ ಆ ಕತ್ತಲಲ್ಲಿ ಗೊತ್ತೇ ಆಗಲ್ಲ.

ಪ್ರಶ್ನೆ: ಅಕ್ಕಾ, ನನಗೆ 24. ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತು, ಉಳಿಸಿದ ದುಡ್ಡಲ್ಲಿ ಬ್ಯಾಂಕಾಕ್‌ಗೆ ಒಬ್ಬನೇ ಹೊರಟೀನಿ. ಒಬ್ಬನೇ ಹೋಗೋ ಹುಡುಗರನ್ನ ನಮ್ಮ ಏರ್‌ಪೋರ್ಟಲ್ಲೇ ತಡೆದು ವಾಪಸ್ ಕಳಸ್ತಾರ ಅಂತ ಗೆಳೆಯರು ಹೆದರಿಸ್ಯಾರ. ಖರೇನಾ?
— ಓದುಗ, ಹುಬ್ಬಳ್ಳಿ

ಉತ್ತರ: ತಮ್ಮಾ, ಅರ್ಧ ಖರೆ. ಪ್ರಶ್ನೆ ಕೇಳುತ್ತಾರೆ, ಅದರಲ್ಲೂ ನಿನ್ನ ವಯಸ್ಸಿನವರನ್ನು, ಮೊದಲ ಸಲ ಹೊರಟವರನ್ನು. ಕಾರಣ ಇದೆ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆಸಿಕೊಂಡು, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು, ಬೇಲಿ ಹಾಕಿದ ಜಾಗದಲ್ಲಿ ಕೂಡಿಹಾಕಿ ಆನ್‌ಲೈನ್ ಮೋಸದ ಕೆಲಸ ಮಾಡಿಸುವ ದಂಧೆ ಇದೆ. 2025ರ ಮಾರ್ಚ್‌ನಲ್ಲಿ ಹಾಗೆ ಸಿಕ್ಕಿಬಿದ್ದ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ವಾಪಸ್ ಕರೆತರಬೇಕಾಯಿತು. ಅಧಿಕಾರಿ ನಿನ್ನ ಮುಖ ನೋಡಿ ಯೋಚಿಸುವುದು ಇದನ್ನೇ, ಈ ಹುಡುಗ ಸುಮ್ನೆ ತಿರುಗಾಡೋಕೆ ಹೊರಟಿದ್ದಾನೋ, ಯಾರಾದರೂ ಕೆಲಸದ ಆಸೆ ತೋರಿಸಿ ಕರೆಸಿಕೊಳ್ಳುತ್ತಿದ್ದಾರೋ ಅಂತ.

ಹಾಗಾಗಿ ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್, ಆಫೀಸಿನ ಐಡಿ ಕಾರ್ಡ್, ರಜೆ ಕೊಟ್ಟ ಇಮೇಲಿನ ಪ್ರಿಂಟ್, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲಿರಲಿ. ಕೇಳಿದ್ದಕ್ಕೆ ಅಷ್ಟೇ ಉತ್ತರ. ಎಷ್ಟು ದಿನ ಅಂದರೆ ಆರು ದಿನ ಸರ್. ಅಷ್ಟೇ ಸಾಕು. ನಮ್ಮ ಹುಡುಗರಿಗೆ ಹೆದರಿಕೆಯಾದರೆ ಮಾತು ಜಾಸ್ತಿಯಾಗುತ್ತದೆ, ಕೇಳದೇ ಇದ್ದದ್ದನ್ನೂ ಹೇಳಿ, ಹೇಳಿದ್ದನ್ನು ಸರಿಪಡಿಸಲು ಹೋಗಿ ಇನ್ನೊಂದು ಹೇಳಿ, ಕೊನೆಗೆ ಅಧಿಕಾರಿಗೇ ಇವನೇನೋ ಮುಚ್ಚಿಡುತ್ತಿದ್ದಾನೆ ಅನ್ನಿಸುತ್ತದೆ.

ಥಾಯ್ಲೆಂಡಿಗೂ 2025ರ ಮೇ ತಿಂಗಳಿಂದ ಆನ್‌ಲೈನ್ ಅರೈವಲ್ ಕಾರ್ಡ್ ಕಡ್ಡಾಯ, ಅದೂ ಉಚಿತವೇ, ಅದೂ ಇಳಿಯುವ ಮುಂಚಿನ ಮೂರು ದಿನದೊಳಗೆ. ಟಿಕೆಟಿನಲ್ಲಿ ಯಾವ ಏರ್‌ಪೋರ್ಟ್ ಅಂತ ನೋಡಿಕೋ, ಬ್ಯಾಂಕಾಕಿಗೆ ಎರಡಿವೆ. ಸುವರ್ಣಭೂಮಿಯಾದರೆ (ಹೌದು, ನಮ್ಮ ಸುವರ್ಣ, ನಮ್ಮ ಭೂಮಿಯೇ) ಅಲ್ಲಿಂದ ಫಯಾ ಥಾಯ್‌ವರೆಗೆ ಏರ್‌ಪೋರ್ಟ್ ರೈಲಿದೆ, ಅರ್ಧ ಗಂಟೆಯೊಳಗೆ ಊರೊಳಗೆ ಇರುತ್ತೀಯ. ಡಾನ್ ಮುಯಾಂಗ್ ಇರುವುದು ಊರಿನ ಇನ್ನೊಂದು ದಿಕ್ಕಿಗೆ. ಬರುವಾಗ ಒಂದು ಕಡೆ, ಹೋಗುವಾಗ ಇನ್ನೊಂದು ಕಡೆ ಟಿಕೆಟ್ ಮಾಡಿಸಿಕೊಂಡು ಕೊನೇ ದಿನ ಟ್ಯಾಕ್ಸಿಯಲ್ಲಿ ಬೆವರಬೇಡ. ಆಮೇಲೆ, ವೇಪ್ ಗೀಪ್ (ಇ-ಸಿಗರೇಟು) ಇದ್ದರೆ ಊರಲ್ಲೇ ಬಿಟ್ಟು ಹೋಗು. ಅಲ್ಲಿ ಅದು ಕಾನೂನುಬಾಹಿರ. ಸಿಂಗಾಪುರದಲ್ಲಿ ಇನ್ನೂ ಬಿಗಿ.

ಪ್ರಶ್ನೆ: ಊರು ಸುತ್ತುವುದಕ್ಕೆ ನನಗೆ ಹೆದರಿಕೆ ಇಲ್ಲ. ಆದರೆ ಹೋಟೆಲಿನಲ್ಲಿ ಒಬ್ಬಳೇ ಕೂತು ಊಟ ಮಾಡುವುದು ಅಂದರೆ ಮುಜುಗರ. ನಮ್ಮೂರಲ್ಲೇ ಪಾರ್ಸೆಲ್ ತಗೊಂಡು ಮನೆಗೆ ಓಡುತ್ತೇನೆ. ಸಿಂಗಾಪುರದಲ್ಲಿ ನಾಲ್ಕು ದಿನ ಏನು ಮಾಡಲಿ?
— ಓದುಗರು, ಉಡುಪಿ

ಉತ್ತರ: ಉಡುಪಿಯವರಿಗೆ ಹೋಟೆಲಿನ ಭಯವಾ! ಒಬ್ಬರೇ ಉಣ್ಣುವುದಕ್ಕೆ ಸಿಂಗಾಪುರದಷ್ಟು ಒಳ್ಳೆಯ ಊರು ಸಿಗುವುದು ಕಷ್ಟ. ಅಲ್ಲಿನ ಜನ ಉಣ್ಣುವುದೇ ಹಾಕರ್ ಸೆಂಟರುಗಳಲ್ಲಿ. ಒಂದು ದೊಡ್ಡ ಸೂರು, ಸುತ್ತ ಪುಟ್ಟ ಪುಟ್ಟ ಅಂಗಡಿಗಳು, ನಡುವೆ ನೆಲಕ್ಕೆ ಕಚ್ಚಿಸಿದ ಟೇಬಲ್ಲು, ಸ್ಟೂಲು. 2020ರಲ್ಲಿ ಈ ಹಾಕರ್ ಸಂಸ್ಕೃತಿಯನ್ನು ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ಆಫೀಸಿನವರು, ಅಜ್ಜಂದಿರು, ಯೂನಿಫಾರಂ ಹಾಕಿದ ಮಕ್ಕಳು, ಅರ್ಧಕ್ಕರ್ಧ ಜನ ಒಬ್ಬೊಬ್ಬರೇ ತಟ್ಟೆ ಮುಂದಿಟ್ಟುಕೊಂಡು ಕೂತಿರುತ್ತಾರೆ. ಖಾಲಿ ಸ್ಟೂಲು ಇದ್ದರೆ ಪರಿಚಯ ಇಲ್ಲದವರ ಟೇಬಲ್ಲಿನಲ್ಲೂ ಕೂರಬಹುದು, ಒಂದು ಮಾತು ಕೇಳಿದರೆ ಆಯ್ತು.

ಒಂದೇ ಒಂದು ಎಚ್ಚರ. ಲಿಟಲ್ ಇಂಡಿಯಾದ ಟೆಕ್ಕಾ ಸೆಂಟರಿನಲ್ಲಿ ಮೊದಲ ದಿನ ನನಗೆ ಖಾಲಿ ಟೇಬಲ್ ಸಿಕ್ಕಿತು. ಮೇಲೆ ಒಂದು ಪುಟ್ಟ ಟಿಶ್ಯೂ ಪೊಟ್ಟಣ. ಎಷ್ಟು ಒಳ್ಳೆಯ ವ್ಯವಸ್ಥೆ, ಗಿರಾಕಿಗೆ ಅಂತ ಇಟ್ಟಿದ್ದಾರೆ ಅಂದುಕೊಂಡು ಎರಡು ಹಾಳೆ ಎಳೆದು ಟೇಬಲ್ ಒರೆಸಿ ಕೂತೆ. ಇನ್ನೊಂದರಲ್ಲಿ ಮೂಗು ಒರೆಸಿಕೊಂಡೆ. ಐದು ನಿಮಿಷಕ್ಕೆ ಒಬ್ಬ ಚೀನಿ ಆಂಟಿ ತಟ್ಟೆ ಹಿಡಿದು ಬಂದು ನನ್ನನ್ನು ನೋಡಿದರು, ಪೊಟ್ಟಣ ನೋಡಿದರು, ಮತ್ತೆ ನನ್ನನ್ನು ನೋಡಿದರು. ಅಲ್ಲಿ ಸೀಟಿಗೆ ಟವೆಲ್ ಹಾಕುವ ಹಾಗೆ ಟಿಶ್ಯೂ ಪೊಟ್ಟಣ ಇಡುತ್ತಾರೆ. ಅದಕ್ಕೆ "ಚೋಪ್" ಅಂತ ಹೆಸರು. ನಮ್ಮ ಕೆಎಸ್ಸಾರ್ಟಿಸಿ ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆಯುವುದಕ್ಕೂ ಇದಕ್ಕೂ ಏನೂ ವ್ಯತ್ಯಾಸ ಇಲ್ಲ, ಆದರೆ ಆಗ ನನಗೆ ಹೊಳೆಯಲಿಲ್ಲ. ಆಂಟಿ ನಕ್ಕು ಎದುರಿಗೇ ಕೂತರು. ಉಳಿದ ಟಿಶ್ಯೂನೂ ನನ್ನ ಕಡೆಗೇ ತಳ್ಳಿದರು. ಹೀಗೆ ನನಗೆ ಊಟಕ್ಕೆ ಜೊತೆ ಸಿಕ್ಕಿದ್ದು.

ಉಂಡ ಮೇಲೆ ತಟ್ಟೆ ನೀವೇ ಎತ್ತಿ ಅದರ ಜಾಗಕ್ಕೆ ಇಡಬೇಕು, 2021ರಿಂದ ಇದು ನಿಯಮ. ಬೆಳಗ್ಗೆ ಕಾಫಿಗೆ "ಕೋಪಿ" ಅನ್ನಿ, ನಮ್ಮ ಹಳ್ಳಿಯ ಕಾಪಿಗೆ ತೀರಾ ಹತ್ತಿರ ಅಲ್ವಾ? ಸುಮ್ನೆ ಕೋಪಿ ಅಂದರೆ ಮಿಲ್ಕ್‌ಮೇಡ್ ಥರದ ಗಟ್ಟಿ ಸಿಹಿ ಹಾಲು ಹಾಕಿ ಕೊಡುತ್ತಾರೆ, ನಾಲಿಗೆಗೆ ಅಂಟುವಷ್ಟು ಸಿಹಿ. "ಕೋಪಿ ಓ" ಅಂದರೆ ಹಾಲಿಲ್ಲ, ಸಕ್ಕರೆ ಇದೆ. "ಕೋಸೋಂಗ್" ಸೇರಿಸಿದರೆ ಸಕ್ಕರೆಯೂ ಇಲ್ಲ. ಜೊತೆಗೆ ಕೊಡುವ ಕಾಯಾ ಟೋಸ್ಟಿನ ಹಸಿರು ಜಾಮಿನಲ್ಲಿ ತೆಂಗಿನಹಾಲಿದೆ, ಮೊಟ್ಟೆಯೂ ಇದೆ. ನೀವು ಮೊಟ್ಟೆ ತಿನ್ನದವರಾದರೆ ಬೇಡ. ರೈಲಿನಲ್ಲಿ ಮಾತ್ರ ಏನೂ ತಿನ್ನಬೇಡಿ, ನೀರೂ ಕುಡಿಯಬೇಡಿ, 500 ಡಾಲರ್‌ವರೆಗೆ ದಂಡ ಇದೆ.

ಪ್ರಶ್ನೆ: ನಿವೃತ್ತಿಯಾಗಿ ಎರಡು ವರ್ಷವಾಯಿತು. ಮೊದಲ ಸಲ ಒಬ್ಬನೇ ವಿದೇಶಕ್ಕೆ ಹೊರಟಿದ್ದೇನೆ. ದುಡ್ಡನ್ನು ಯಾವ ರೂಪದಲ್ಲಿ ಒಯ್ಯುವುದು? ಎಲ್ಲಾ ನಗದು ತಗೊಂಡು ಒಳಜೇಬಿಗೆ ಹೊಲಿಸಿಕೊಳ್ಳೋಣ ಅಂತ ಇದೆ.
— ಓದುಗರು, ಬಳ್ಳಾರಿ

ಉತ್ತರ: ಸರ್, ಒಳಜೇಬು ಹೊಲಿಸಿ, ಒಳ್ಳೆಯ ಐಡಿಯಾ. ಆದರೆ ಎಲ್ಲಾ ಅದರಲ್ಲೇ ಬೇಡ. ಎರಡು ದಿನಕ್ಕೆ ಸಾಕಾಗುವಷ್ಟು ನಗದನ್ನು ಇಲ್ಲೇ ಬ್ಯಾಂಕಿನಲ್ಲೋ ಫಾರೆಕ್ಸ್ ಅಂಗಡಿಯಲ್ಲೋ ಆ ದೇಶದ ನೋಟಾಗಿ ಬದಲಾಯಿಸಿಕೊಳ್ಳಿ, ಸಣ್ಣ ನೋಟು ಕೇಳಿ ತಗೊಳ್ಳಿ. ಉಳಿದದ್ದಕ್ಕೆ ಕಾರ್ಡು. ಎರಡು ಕಾರ್ಡು ಬೇಕು, ಎರಡು ಬೇರೆ ಬ್ಯಾಂಕಿನದು, ಎರಡೂ ಒಂದೇ ಪರ್ಸಿನಲ್ಲಿ ಇರಬಾರದು. ವಿದೇಶದ ಬಳಕೆಯ ಸ್ವಿಚ್ಚಿನ ವಿಷಯ ಮೇಲೆ ಹಾಸನದವರಿಗೆ ಹೇಳಿದ್ದೇನೆ, ನೋಡಿಕೊಳ್ಳಿ.

ನಿಮ್ಮ ಸಿಮ್ಮಿಗೆ ಹೊರಡುವ ಮುಂಚೆಯೇ ರೋಮಿಂಗ್ ಶುರು ಮಾಡಿಸಿ. ಅಲ್ಲಿ ಅಗ್ಗದ ಸಿಮ್ಮು ಸಿಕ್ಕಿತು ಅಂತ ನಮ್ಮ ಸಿಮ್ಮು ತೆಗೆದು ಎಲ್ಲೋ ಇಟ್ಟರೆ ಬ್ಯಾಂಕಿನ ಒಟಿಪಿ ಬರಲ್ಲ, ಒಟಿಪಿ ಇಲ್ಲದೆ ನಮ್ಮ ಯಾವ ಕೆಲಸ ನಡೆಯುತ್ತದೆ ಹೇಳಿ. ಎರಡು ಸಿಮ್ ಹಾಕುವ ಫೋನಾದರೆ ಯೋಚನೆ ಇಲ್ಲ.

ಇನ್ನೊಂದು, ಇದರಲ್ಲಿ ಓದಿದವರೂ ಏಮಾರುತ್ತಾರೆ. ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಮಷೀನು "ರೂಪಾಯಿಯಲ್ಲಿ ಕೊಡ್ತೀರಾ, ಡಾಲರಿನಲ್ಲಿ ಕೊಡ್ತೀರಾ" ಅಂತ ಕೇಳಬಹುದು. ರೂಪಾಯಿ ನೋಡಿದ ತಕ್ಷಣ ನಮಗೆ ಊರಿನವರು ಸಿಕ್ಕ ಹಾಗೆ ಖುಷಿಯಾಗಿ ಅದನ್ನೇ ಒತ್ತುತ್ತೇವೆ. ಒತ್ತಬೇಡಿ. ರೂಪಾಯಿ ಒತ್ತಿದರೆ ವಿನಿಮಯದ ದರ ಅವರು ಹೇಳಿದ್ದು, ಸಾಮಾನ್ಯವಾಗಿ ನಮಗೇ ನಷ್ಟ. ಯಾವ ದೇಶದಲ್ಲಿದ್ದೀರೋ ಆ ದೇಶದ ಹಣವನ್ನೇ ಒತ್ತಿ. ಎಟಿಎಮ್ಮಿನಲ್ಲೂ ಇದೇ.

ಬಿಪಿ, ಶುಗರ್ ಮಾತ್ರೆ ಇದ್ದರೆ ಡಾಕ್ಟರ ಚೀಟಿ ಜೊತೆಗೆ, ಅಂಗಡಿಯ ಪೊಟ್ಟಣದಲ್ಲೇ, ಕೈಚೀಲದಲ್ಲಿ. ನಿದ್ದೆ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪು ಕೆಲವು ದೇಶಗಳಲ್ಲಿ ಮೊದಲೇ ಅನುಮತಿ ಕೇಳುತ್ತವೆ, ಸಿಂಗಾಪುರವೂ ಅದರಲ್ಲಿ ಒಂದು. ಪವರ್ ಬ್ಯಾಂಕ್ ಕೆಳಗಿನ ಲಗೇಜಿಗೆ ಹಾಕುವಂತಿಲ್ಲ, ಕೈಚೀಲದಲ್ಲೇ ಇರಬೇಕು. ಪ್ರಯಾಣದ ವಿಮೆ ಮಾಡಿಸಿ. ನಿಮ್ಮ ವಯಸ್ಸಿಗೆ ಅದನ್ನು ದಂಡ ಅನ್ನಬೇಡಿ, ಹೊರದೇಶದ ಆಸ್ಪತ್ರೆ ಬಿಲ್ಲು ನೋಡಿದರೆ ಬಂದ ಕಾಯಿಲೆಯೇ ವಾಸಿ ಅನ್ನಿಸುತ್ತದೆ.

ಪ್ರಶ್ನೆ: ಮಗಳಿಗೆ 26. ಮುಂದಿನ ತಿಂಗಳು ಒಬ್ಬಳೇ ಸಿಂಗಾಪುರಕ್ಕೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ಬೇಡ ಅಂದರೆ ಕೇಳಲ್ಲ. ಗಂಟೆಗೊಂದು ಸಲ ಫೋನ್ ಮಾಡು ಅಂದೆ, ಅದಕ್ಕೂ ಜಗಳ. ತಿಂಡಿ ಕಟ್ಟಿ ಕೊಡುತ್ತೇನೆ ಅಂದರೆ ಅದೂ ಬೇಡವಂತೆ. ನಾನು ಏನು ಮಾಡಬೇಕು?
— ತಾಯಿ, ಶಿವಮೊಗ್ಗ

ಉತ್ತರ: ಅಮ್ಮಾ, ಗಂಟೆಗೊಂದು ಫೋನು ಅಂದರೆ ಅವಳು ಊರು ನೋಡುವುದು ಯಾವಾಗ? ನಿಮಗೂ ಅದರಿಂದ ನೆಮ್ಮದಿ ಸಿಗಲ್ಲ. ಒಂದು ಫೋನು ಹತ್ತು ನಿಮಿಷ ತಡವಾದರೆ ನೀವು ಆ ಹತ್ತು ನಿಮಿಷದಲ್ಲಿ ಏನೇನು ಕಲ್ಪಿಸಿಕೊಳ್ಳುತ್ತೀರಿ ಅಂತ ನನಗೆ ಗೊತ್ತು, ನಮ್ಮಮ್ಮನೂ ಹೀಗೇ ಇದ್ದರು. ದಿನಕ್ಕೆ ಎರಡು ಸಲ ಅಂತ ಒಪ್ಪಂದ ಮಾಡಿಕೊಳ್ಳಿ. ಬೆಳಗ್ಗೆ ಹೊರಡುವಾಗ ಒಂದು ಮೆಸೇಜು, ರಾತ್ರಿ ರೂಮಿಗೆ ಬಂದ ಮೇಲೆ ಒಂದು ಫೋನು. ಅಲ್ಲಿ ರಾತ್ರಿ ಹತ್ತೂವರೆ ಅಂದರೆ ನಿಮಗೆ ಎಂಟು ಗಂಟೆ, ನಿಮ್ಮ ಊಟಕ್ಕೆ ಮುಂಚೆಯೇ ಅವಳ ದಿನ ಮುಗಿದಿರುತ್ತದೆ. ಈ ಎರಡೂವರೆ ಗಂಟೆಯ ಲೆಕ್ಕ ಮರೆತರೆ ನಿಮ್ಮ ರಾತ್ರಿ ಹತ್ತರ ಫೋನು ಅವಳನ್ನು ಹನ್ನೆರಡೂವರೆಗೆ ಎಬ್ಬಿಸುತ್ತದೆ.

ಹೋಟೆಲಿನ ವಿಳಾಸ, ಫೋನ್ ನಂಬರು, ವಿಮಾನದ ನಂಬರು, ಪಾಸ್‌ಪೋರ್ಟಿನ ಫೋಟೋ ಇವಿಷ್ಟು ನಿಮ್ಮ ಹತ್ತಿರ ಇರಲಿ. ಅಲ್ಲಿ ಪೊಲೀಸರಿಗೆ 999, ಆಂಬುಲೆನ್ಸಿಗೆ 995. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸರಿಗೆ ದೂರು, ಆಮೇಲೆ ಭಾರತದ ಹೈಕಮಿಷನ್. ಕಾಮನ್‌ವೆಲ್ತ್ ದೇಶಗಳಲ್ಲಿ ನಮ್ಮ ರಾಯಭಾರ ಕಚೇರಿಯನ್ನು ಹಾಗೆ ಕರೆಯುತ್ತಾರೆ. ರಾತ್ರಿ ಓಡಾಡುವುದರ ಬಗ್ಗೆ ಹೇಳಬೇಕೆಂದರೆ, ಹೆಂಗಸರು ಹನ್ನೊಂದು ಗಂಟೆಗೆ ಒಬ್ಬರೇ ರೈಲಿನಲ್ಲಿ ಮನೆಗೆ ಹೋಗುವುದು ಅಲ್ಲಿ ದಿನನಿತ್ಯದ ನೋಟ. ಹಾಗಂತ ಮೈಮರೆಯಬೇಕಿಲ್ಲ. ಹೆಂಗಸರಿಗೇ ಮೀಸಲಾದ ಡಾರ್ಮಿಟರಿ ಇರುವ ಹಾಸ್ಟೆಲುಗಳಿವೆ, ಒಬ್ಬಳೇ ರೂಮಿನಲ್ಲಿರಲು ಅವಳಿಗೆ ಅಳುಕಿದ್ದರೆ ಅದನ್ನು ನೋಡಲಿ.

ತಿಂಡಿ ಬೇಡ ಅಂದಳು ಅಂತ ಬೇಜಾರು ಮಾಡಿಕೊಳ್ಳಬೇಡಿ. ಸದ್ಯ ಬೇಡ ಅನ್ನುತ್ತಾಳೆ, ಮೂರನೇ ದಿನ ರಾತ್ರಿ ನೆನಪಾಗುತ್ತದೆ. ಒಂದು ಸಣ್ಣ ಪೊಟ್ಟಣ ಕೋಡುಬಳೆ, ಅವಲಕ್ಕಿ ಹಾಕಿ ಬ್ಯಾಗಿನ ತಳದಲ್ಲಿ ಸೇರಿಸಿಬಿಡಿ, ಆದರೆ ಅವಳಿಗೆ ಹೇಳಿಯೇ ಸೇರಿಸಿ, ಅವಳ ಬ್ಯಾಗಿನಲ್ಲಿ ಏನಿದೆ ಅನ್ನುವುದು ಅವಳಿಗೆ ಗೊತ್ತಿರಬೇಕು. ಕೊಬ್ಬರಿ ಗಿಟುಕು ಇಡಬೇಡಿ, ಎಣ್ಣೆ ಜಾಸ್ತಿ, ಬೆಂಕಿ ಹಿಡಿಯುತ್ತದೆ ಅಂತ ಚೆಕ್ಡ್ ಲಗೇಜಿನಲ್ಲಿ ತೆಗೆಸುತ್ತಾರೆ. ಚೂಯಿಂಗ್ ಗಮ್ ಬೇಡ, ಆ ದೇಶದಲ್ಲಿ 1992ರಿಂದ ಅದಕ್ಕೆ ನಿಷೇಧ. ಆಮೇಲೆ ಇದೊಂದನ್ನು ಮಾತ್ರ ಮರೆಯಬೇಡಿ, ಗಸಗಸೆ. ನಮಗೆ ಅದು ಪಾಯಸದ ಸಾಮಾನು, ಅವರಿಗೆ ಮಾದಕ ವಸ್ತುವಿನ ಕಾನೂನಿಗೆ ಬರುವ ಬೀಜ. ಗಸಗಸೆ ಹಾಕಿ ಮಸಾಲೆ ಪುಡಿ ಮಾಡುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಆ ಡಬ್ಬಿ ಶಿವಮೊಗ್ಗದಲ್ಲೇ ಇರಲಿ. ಬರೀ ಚಟ್ನಿಪುಡಿ ಕಳಿಸಿ, ಎರಡು ಕವರಿನಲ್ಲಿ ಸುತ್ತಿ.